ರೋಬೋಕಾಲ್‌ನಿಂದ ಬಂದ ಲೀಡ್ ಕೊಳ್ಳುವ ವಿಮಾ ಏಜೆಂಟರ ಹೊಣೆ ಎಲ್ಲಿಯವರೆಗೆ?

ಪ್ರಶ್ನೆ: ನಾನು ಟೆಕ್ಸಸ್‌ನ ಡಲ್ಲಾಸ್ ಬಳಿ ನೆಲೆಸಿರುವ ಕನ್ನಡಿಗ. ಐಟಿ ಕೆಲಸ ಹೋದ ಮೇಲೆ ವಿಮಾ ಲೈಸೆನ್ಸ್ ಪಡೆದು, ಒಂದೂವರೆ ವರ್ಷದಿಂದ ಸ್ವತಂತ್ರ ಏಜೆಂಟನಾಗಿ ಫೈನಲ್ ಎಕ್ಸ್‌ಪೆನ್ಸ್ (ಅಂತ್ಯಕ್ರಿಯೆಯ ಖರ್ಚಿಗಾಗಿ ಇರುವ ಜೀವವಿಮೆ) ಪಾಲಿಸಿಗಳನ್ನೂ ಮೆಡಿಕೇರ್ ಅಡ್ವಾಂಟೇಜ್ (ಸರ್ಕಾರದ ಮೆಡಿಕೇರ್ ಅಡಿಯಲ್ಲಿ ಖಾಸಗಿ ಕಂಪನಿಗಳು ಹಿರಿಯರಿಗೆ ಕೊಡುವ ಆರೋಗ್ಯವಿಮೆ) ಪ್ಲಾನ್‌ಗಳನ್ನೂ ಮಾರುತ್ತಿದ್ದೇನೆ. ಮೂರು ತಿಂಗಳಿಂದ, ಲೀಡ್ (ಗಿರಾಕಿಯಾಗಬಹುದಾದವರ ಸಂಪರ್ಕ) ಮಾರುವ ಒಬ್ಬ ವೆಂಡರ್ ಬಳಿ ವಾರಕ್ಕೆ 40 ‘ಲೈವ್ ಟ್ರಾನ್ಸ್‌ಫರ್’ಗಳನ್ನು, ಅಂದರೆ ಅವನ ಕಡೆಯಿಂದ ಶುರುವಾಗಿ ನಡುವೆಯೇ ನನಗೆ ದಾಟಿಸುವ ಕರೆಗಳನ್ನು, ತಲಾ 35 ಡಾಲರ್ ಕೊಟ್ಟು ಕೊಳ್ಳುತ್ತಿದ್ದೇನೆ. ಮೊನ್ನೆ ಒಬ್ಬ ಹಿರಿಯರು, ‘ಇಷ್ಟು ಹೊತ್ತು ಯಂತ್ರ ಮಾತಾಡಿತು, ಈಗ ಮನುಷ್ಯ ಬಂದನೋ’ ಎಂದು ರೇಗಿ ಫೋನ್ ಇಟ್ಟರು. ವೆಂಡರನ್ನು ಕೇಳಿದರೆ ಎಲ್ಲವೂ ‘ಟಿಸಿಪಿಎ ಕಂಪ್ಲೈಯಂಟ್’ ಎನ್ನುತ್ತಾನೆ. ಮೊಕದ್ದಮೆ ಬಂದರೆ ನಷ್ಟ ತಾನೇ ಭರಿಸುವುದಾಗಿ ಒಪ್ಪಂದದಲ್ಲೂ ಬರೆದುಕೊಟ್ಟಿದ್ದಾನೆ. ಡಯಲ್ ಮಾಡುವವನು ನಾನಲ್ಲ, ಬಂದ ಕರೆಯನ್ನು ಸ್ವೀಕರಿಸುವುದಷ್ಟೇ ನನ್ನ ಕೆಲಸ. ಹೀಗಿರುವಾಗ ನನಗೆ ಅಪಾಯವಿದೆಯೇ? ಈಗಾಗಲೇ ಪಾಲಿಸಿ ಮಾಡಿಸಿದವರ ವಿಚಾರದಲ್ಲಿ ಏನು ಮಾಡಲಿ?

ಉತ್ತರ: ಅಪಾಯವಿದೆ, ಮತ್ತು ಆ ಹಿರಿಯರು ರೇಗಿದ ದಿನದಿಂದ ಅದು ಹೆಚ್ಚಾಗಿದೆ. ಅಲ್ಲಿಯವರೆಗೆ ‘ವೆಂಡರ್ ಹೇಗೆ ಕರೆ ಮಾಡುತ್ತಾನೋ ನನಗೆ ತಿಳಿಯದು’ ಎಂದು ನೀವು ಹೇಳಬಹುದಿತ್ತು. ಈಗ ತಿಳಿದಿದೆ. ಕನಿಷ್ಠಪಕ್ಷ, ವಿಚಾರಿಸಿ ನೋಡಬೇಕೆಂದು ಯಾರಿಗಾದರೂ ಅನ್ನಿಸುವಷ್ಟು ತಿಳಿದಿದೆ. ಈ ವ್ಯವಹಾರದಲ್ಲಿ ಕಾನೂನು ನೋಡುವುದು ಬಹುಮಟ್ಟಿಗೆ ಇದನ್ನೇ.

ಮೊದಲು ಕಾಯಿದೆಯ ವಿಚಾರ. ವೆಂಡರ್ ಬಾಯಲ್ಲಿ ಬಂದ ಟಿಸಿಪಿಎ ಎಂದರೆ 1991ರ ಟೆಲಿಫೋನ್ ಕನ್ಸ್ಯೂಮರ್ ಪ್ರೊಟೆಕ್ಷನ್ ಆ್ಯಕ್ಟ್. ಮುದ್ರಿತ ಧ್ವನಿ ಅಥವಾ ಕೃತಕ ಧ್ವನಿ ಬಳಸಿ ಮೊಬೈಲಿಗೋ ಮನೆಯ ಫೋನಿಗೋ ಮಾರಾಟದ ಕರೆ, ಅಂದರೆ ರೋಬೋಕಾಲ್, ಮಾಡುವುದಾದರೆ, ಅಮೆರಿಕದ ದೂರಸಂಪರ್ಕ ಆಯೋಗವಾದ ಎಫ್‌ಸಿಸಿಯ 2012ರ ನಿಯಮದ ಪ್ರಕಾರ, ಆ ವ್ಯಕ್ತಿ ಮುಂಚಿತವಾಗಿ ಲಿಖಿತ ಒಪ್ಪಿಗೆ ಕೊಟ್ಟಿರಬೇಕು. ಒಪ್ಪಿಗೆ ಇತ್ತು ಎಂದು ತೋರಿಸುವ ಹೊಣೆ ಕರೆ ಮಾಡಿದ ಪಕ್ಷದ್ದು. ಒಪ್ಪಿಗೆ ಇಲ್ಲದ ಪ್ರತಿಯೊಂದು ಕರೆಗೆ 500 ಡಾಲರ್ ಪರಿಹಾರ. ತಿಳಿದೂ ಮಾಡಿದ್ದೆಂದು ನ್ಯಾಯಾಲಯಕ್ಕೆ ಕಂಡರೆ 1,500 ಡಾಲರ್‌ವರೆಗೆ ಏರಿಸಬಹುದು. ತನಗೆ ಇಷ್ಟು ನಷ್ಟವಾಯಿತೆಂದು ಕರೆ ಪಡೆದವರು ಲೆಕ್ಕ ತೋರಿಸಬೇಕಾಗಿಲ್ಲ, ಒಟ್ಟು ಮೊತ್ತಕ್ಕೆ ಕಾಯಿದೆಯಲ್ಲಿ ಮಿತಿಯೂ ಇಲ್ಲ, ದಾವೆ ಹೂಡಲು ನಾಲ್ಕು ವರ್ಷಗಳ ಕಾಲಾವಕಾಶವಿದೆ. ನೀವು ಹದಿಮೂರು ವಾರಗಳಲ್ಲಿ ಕೊಂಡದ್ದು ಸುಮಾರು 520 ಟ್ರಾನ್ಸ್‌ಫರ್, ಅದಕ್ಕೆ ತೆತ್ತದ್ದು 18,200 ಡಾಲರ್. ಅಷ್ಟೂ ಕರೆಗಳು ಒಪ್ಪಿಗೆಯಿಲ್ಲದವು ಎಂದಾದರೆ ಕೆಳಗಿನ ದರದಲ್ಲಿ 2,60,000 ಡಾಲರ್, ಮೇಲಿನ ದರದಲ್ಲಿ 7,80,000 ಡಾಲರ್ ಆಗುತ್ತದೆ. ಇದರಲ್ಲಿ ನಿಮ್ಮವರೆಗೆ ಬಂದು ಮುಟ್ಟಿದ ಕರೆಗಳಷ್ಟೇ ಸೇರಿವೆ. ಒಂದು ಟ್ರಾನ್ಸ್‌ಫರ್ ಹುಟ್ಟಬೇಕಾದರೆ ಯಂತ್ರ ಎಷ್ಟು ಮನೆಗಳ ಫೋನು ಬಾರಿಸಿರುತ್ತದೆ ಎಂದು ಯೋಚಿಸಿ. ಕ್ಲಾಸ್ ಆಕ್ಷನ್ (ಕರೆ ಪಡೆದ ಎಲ್ಲರ ಪರವಾಗಿ ಒಂದೇ ದಾವೆ) ಹೂಡುವ ವಕೀಲರು ಎಣಿಸುವುದು ಆ ಕರೆಗಳನ್ನು.

‘ಡಯಲ್ ಮಾಡಿದವನು ನಾನಲ್ಲ’ ಎಂಬ ನಿಮ್ಮ ವಾದಕ್ಕೆ ಬರೋಣ, ಏಕೆಂದರೆ ಹೆಚ್ಚಿನ ಏಜೆಂಟರು ನಂಬಿ ಕುಳಿತಿರುವುದು ಇದನ್ನೇ. ಎಫ್‌ಸಿಸಿ 2013ರಲ್ಲಿ ಉಪಗ್ರಹ ಟಿವಿ ಕಂಪನಿಯಾದ ಡಿಶ್ ನೆಟ್‌ವರ್ಕ್ ಪ್ರಕರಣದ ಸಂಬಂಧ ಕೊಟ್ಟ ತೀರ್ಮಾನದಲ್ಲಿ, ಯಾರ ಸರಕನ್ನು ಮಾರಲು ಕರೆ ಹೋಯಿತೋ ಅವರನ್ನೂ ಏಜೆನ್ಸಿ ಕಾನೂನಿನ (ಒಬ್ಬರ ಪರವಾಗಿ ಇನ್ನೊಬ್ಬರು ಮಾಡಿದ ಕೆಲಸದ ಹೊಣೆ ಯಾರದೆಂದು ಹೇಳುವ ಕಾನೂನು) ಸಾಮಾನ್ಯ ತತ್ವಗಳಡಿ ಹೊಣೆ ಮಾಡಬಹುದೆಂದು ಹೇಳಿತು. ಅದಕ್ಕೆ ಮೂರು ದಾರಿಗಳಿವೆ. ನಿಮ್ಮ ನಿಯಂತ್ರಣದಲ್ಲಿ ವೆಂಡರ್ ಕೆಲಸ ಮಾಡುತ್ತಿದ್ದ ಎನ್ನುವುದು ಒಂದು. ಅವನು ನಿಮ್ಮ ಪರವಾಗಿ ಮಾತಾಡುತ್ತಿದ್ದಾನೆಂದು ಜನ ನಂಬುವಂತೆ ನೀವು ನಡೆದುಕೊಂಡಿರಿ ಎನ್ನುವುದು ಇನ್ನೊಂದು. ಲೀಡ್ ಕೊಳ್ಳುವವರಿಗೆ ಮುಖ್ಯವಾಗಿ ತಗುಲಿಕೊಳ್ಳುವುದು ಮೂರನೆಯದು, ವಕೀಲರು ರ್‍ಯಾಟಿಫಿಕೇಶನ್ ಎಂದು ಕರೆಯುವ ತತ್ವ: ಇನ್ನೊಬ್ಬ ಮಾಡಿದ ಕೆಲಸವನ್ನು, ಅದು ಹೇಗಾಯಿತೆಂದು ತಿಳಿದೋ ತಿಳಿಯುವ ಗೋಜಿಗೆ ಹೋಗದೆಯೋ, ಅದರ ಫಲ ಉಂಡು ತನ್ನದಾಗಿಸಿಕೊಳ್ಳುವುದು. ಮೊಸರು ತಿಂದ ಮಂಗ ಮೇಕೆಯ ಬಾಯಿಗೆ ಒರೆಸಿದ ಗಾದೆ ನಮಗೆಲ್ಲ ಗೊತ್ತು. ನೀವು ನಿಮ್ಮನ್ನು ಆ ಮೇಕೆಯೆಂದು ತಿಳಿದಿದ್ದೀರಿ. ನ್ಯಾಯಾಲಯವಾದರೋ, ಮೊಸರಿನ ಪಾಲು ವಾರವಾರವೂ ಮೇಕೆಯ ತಟ್ಟೆಗೆ ಬರುತ್ತಿತ್ತಲ್ಲ, ಎಲ್ಲಿಂದ ಎಂದು ಅದು ಒಮ್ಮೆಯಾದರೂ ಕೇಳಿತೇ ಎಂದು ನೋಡುತ್ತದೆ.

ನ್ಯಾಯಾಲಯಗಳು ಎಲ್ಲ ಕಡೆ ಒಂದೇ ರೀತಿ ತೀರ್ಪು ಕೊಟ್ಟಿವೆ ಎಂದೇನೂ ಅಲ್ಲ. 2018ರ ಕ್ರಿಸ್ಟೆನ್ಸನ್ ಪ್ರಕರಣದಲ್ಲಿ ಒಂಬತ್ತನೆಯ ಸರ್ಕೀಟಿನ (ಫೆಡರಲ್ ನ್ಯಾಯಾಲಯಗಳ ಒಂದು ವಲಯ) ಮೇಲ್ಮನವಿ ನ್ಯಾಯಾಲಯ, ಅಕ್ರಮ ಸಂದೇಶಗಳು ಹೋಗುತ್ತಿದ್ದವೆಂಬ ಅರಿವು ಸಾಲ ಕೊಡುವ ಕಂಪನಿಗಳಿಗೆ ಇರಲಿಲ್ಲ, ಅನುಮಾನ ಹುಟ್ಟಿಸುವ ಸಂಗತಿಗಳೂ ಅವುಗಳ ಮುಂದೆ ಇರಲಿಲ್ಲ ಎಂದು ಅವುಗಳನ್ನು ಬಿಟ್ಟುಬಿಟ್ಟಿತು. ಅದೇ ನ್ಯಾಯಾಲಯ 2022ರಲ್ಲಿ, ಕ್ರೂಸ್ ಪ್ರವಾಸ ಮಾರುವ ರಾಯಲ್ ಸೀಸ್ ಎಂಬ ಕಂಪನಿಯ ವಿಚಾರದಲ್ಲಿ ಬೇರೆ ದಾರಿ ಹಿಡಿಯಿತು. ಆ ಕಂಪನಿ ನಿಮ್ಮಂತೆಯೇ ಹೊರಗಿನ ವೆಂಡರಿನಿಂದ ಟ್ರಾನ್ಸ್‌ಫರ್ ಕೊಳ್ಳುತ್ತಿತ್ತು. ಸಾಮಾನ್ಯ ವಿವೇಕದ ಮನುಷ್ಯ ಇನ್ನಷ್ಟು ವಿಚಾರಿಸುತ್ತಿದ್ದನೆಂಬಂಥ ಸಂಗತಿಗಳು ಅದಕ್ಕೆ ಗೊತ್ತಿದ್ದವು ಎಂದು ಜ್ಯೂರಿ ತೀರ್ಮಾನಿಸಲು ಅವಕಾಶವಿದೆ ಎಂದ ನ್ಯಾಯಾಲಯ, ಕಂಪನಿಯ ಪರವಾಗಿ ಕೆಳಗೆ ಬಂದಿದ್ದ ತೀರ್ಪನ್ನು ತಳ್ಳಿಹಾಕಿತು. ಈ ಎರಡು ತೀರ್ಪುಗಳ ನಡುವಿನ ಅಂತರ ಎಷ್ಟೆಂದರೆ, ರೇಗಿದ ಒಬ್ಬ ಹಿರಿಯರಷ್ಟು. ಅಂಥ ದೂರನ್ನು ಕೇಳಿದ ಮೇಲೂ ಮುಂದಿನ ವಾರದ ಇನ್‌ವಾಯ್ಸಿಗೆ ಹಣ ಕಟ್ಟಿದರೆ, ನೀವು ಮೊದಲನೆಯ ಪ್ರಕರಣದಿಂದ ಎರಡನೆಯದಕ್ಕೆ ನಡೆದುಹೋದಂತೆ.

ಮೊತ್ತ ಎಷ್ಟಕ್ಕೇರಬಹುದೆಂಬುದಕ್ಕೆ ಕ್ರಾಕೌವರ್ ಪ್ರಕರಣ ನೋಡಿ. ಅಲ್ಲಿ, ಮಾರಾಟದ ಕರೆ ಬೇಡವೆಂದು ಜನ ಹೆಸರು ಬರೆಸುವ ‘ಡು ನಾಟ್ ಕಾಲ್’ ಪಟ್ಟಿಯಲ್ಲಿದ್ದ ಸಂಖ್ಯೆಗಳಿಗೆ ಕರೆ ಮಾಡಿದ್ದು ಡಿಶ್ ನೆಟ್‌ವರ್ಕಿನ ಡೀಲರ್. ಡಿಶ್ ಆ ಕರೆಗಳನ್ನು ಮಾಡಿರಲಿಲ್ಲ. 2017ರಲ್ಲಿ ನಾರ್ತ್ ಕ್ಯಾರೊಲಿನಾದ ಜ್ಯೂರಿ 51,119 ಕರೆಗಳಿಗೆ ತಲಾ 400 ಡಾಲರ್ ಪರಿಹಾರ ನಿಗದಿ ಮಾಡಿತು; ಬುದ್ಧಿಪೂರ್ವಕ ಉಲ್ಲಂಘನೆಯೆಂದು ನ್ಯಾಯಾಧೀಶರು ಅದನ್ನು ಮೂರು ಪಟ್ಟು ಮಾಡಿದಾಗ ಆರು ಕೋಟಿ ಡಾಲರ್ ದಾಟಿತು. 2019ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು. ಡೀಲರ್ ಜೊತೆಗಿನ ಒಪ್ಪಂದದಲ್ಲಿ ‘ಇವನು ಸ್ವತಂತ್ರ ಗುತ್ತಿಗೆದಾರ’ ಎಂದು ಬರೆದಿದ್ದ ಮಾತು ಅಲ್ಲಿ ಉಪಯೋಗಕ್ಕೆ ಬರಲಿಲ್ಲ.

ನಿಮ್ಮ ವೆಂಡರ್ ಆಡುವ ಮಾತುಗಳನ್ನು ನಾನು ನಿಮ್ಮ ಪತ್ರ ಓದುವ ಮೊದಲೇ ಊಹಿಸಬಲ್ಲೆ, ಏಕೆಂದರೆ ಇವರೆಲ್ಲರ ಪಾಠವೂ ಒಂದೇ. ‘ನಾವು ಆಟೋಡಯಲರ್ ಬಳಸುವುದಿಲ್ಲ, ಸುಪ್ರೀಂ ಕೋರ್ಟೇ 2021ರ ಫೇಸ್‌ಬುಕ್ ತೀರ್ಪಿನಲ್ಲಿ ಬಿಟ್ಟಿದೆ’ ಎನ್ನುತ್ತಾರೆ. ಆ ತೀರ್ಪು ಆಟೋಡಯಲರ್ (ತಾನಾಗಿ ಸಂಖ್ಯೆ ಒತ್ತುವ ಯಂತ್ರ) ಎಂಬ ಪದದ ವ್ಯಾಪ್ತಿಯನ್ನು ಕಿರಿದು ಮಾಡಿದ್ದು ನಿಜ. ಮುದ್ರಿತ ಧ್ವನಿಯ ನಿಷೇಧವನ್ನು ಅದು ಮುಟ್ಟಿಯೇ ಇಲ್ಲ. ‘ನಮ್ಮದು ರೆಕಾರ್ಡಿಂಗ್ ಅಲ್ಲ, ಎಐ ಧ್ವನಿ’ ಎಂದರೆ, ಎಐ ಸೃಷ್ಟಿಸಿದ ಧ್ವನಿಯೂ ಕೃತಕ ಧ್ವನಿಯೇ ಎಂದು ಎಫ್‌ಸಿಸಿ 2024ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ‘ಒಬ್ಬರಿಗೆ ಒಂದೇ ಒಪ್ಪಿಗೆ ಎಂಬ ನಿಯಮವನ್ನು ಕೋರ್ಟ್ ಹೊಡೆದುಹಾಕಿತು’ ಎನ್ನುವುದು ಇತ್ತೀಚಿನ ಮಾತು, ಮತ್ತು ಅರ್ಧ ಸತ್ಯ. ಗ್ರಾಹಕ ಪ್ರತಿಯೊಬ್ಬ ಮಾರಾಟಗಾರನಿಗೂ ಬೇರೆಬೇರೆಯಾಗಿ ಒಪ್ಪಿಗೆ ಕೊಟ್ಟಿರಬೇಕೆಂದು ಎಫ್‌ಸಿಸಿ 2023ರ ಡಿಸೆಂಬರಿನಲ್ಲಿ ನಿಯಮ ಮಾಡಿತ್ತು. ವಿಮಾ ಮಾರಾಟಗಾರರ ಒಕ್ಕೂಟವೇ ಅದರ ವಿರುದ್ಧ ಹೋಗಿ, ನಿಯಮ ಜಾರಿಗೆ ಬರಲು ಮೂರು ದಿನ ಇರುವಾಗ, 2025ರ ಜನವರಿ 24ರಂದು ಹನ್ನೊಂದನೆಯ ಸರ್ಕೀಟಿನಲ್ಲಿ ಅದನ್ನು ರದ್ದು ಮಾಡಿಸಿಕೊಂಡಿತು. ರದ್ದಾದದ್ದು ಆ ಹೆಚ್ಚುವರಿ ಬಿಗಿ ಮಾತ್ರ. ಒಪ್ಪಿಗೆ ಬೇಕೆಂಬ ಮೂಲ ಷರತ್ತು 1991ರ ಕಾಯಿದೆಯಲ್ಲೇ ಇದೆ. ಇದರ ಮೇಲೆ, ಎಫ್‌ಸಿಸಿಯ ವ್ಯಾಖ್ಯಾನಗಳಿಗೆ ಜಿಲ್ಲಾ ನ್ಯಾಯಾಲಯಗಳು ಕಟ್ಟುಬೀಳಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2025ರ ಜೂನಿನಲ್ಲಿ ಹೇಳಿರುವುದರಿಂದ, ಇಂದು ನಿಮಗೆ ಅನುಕೂಲವಾಗಿ ಕಾಣುವ ವ್ಯಾಖ್ಯಾನ ನಾಳೆ ಇನ್ನೊಬ್ಬ ನ್ಯಾಯಾಧೀಶರ ಮುಂದೆ ನಿಲ್ಲುತ್ತದೆಂಬ ಭರವಸೆಯೂ ಇಲ್ಲ.

ಹಾಗಾದರೆ ವೆಂಡರ್ ತೋರಿಸುವ ಒಪ್ಪಿಗೆಯ ದಾಖಲೆ? ನಾನು ಏಜೆನ್ಸಿಗಳ ಕಡತ ಪರಿಶೀಲಿಸುವ ಕೆಲಸ ಮಾಡುವವನು. ಅಂಥದ್ದೊಂದು ಕಡತದ ವಿಷಯ ಹೇಳುತ್ತೇನೆ. ಎಪ್ಪತ್ತೆಂಟು ವರ್ಷದ ಹೆಂಗಸೊಬ್ಬರ ಹೆಸರಿನಲ್ಲಿ ಒಪ್ಪಿಗೆ ಇತ್ತು. ತುಂಬಿದ ಫಾರಂ ಕೆಲಸ ಹುಡುಕುವವರಿಗಾಗಿ ಇದ್ದ ಒಂದು ಜಾಲತಾಣದ್ದು, ಸಮಯ ಬೆಳಗಿನ ಜಾವ 3 ಗಂಟೆ 12 ನಿಮಿಷ, ಐಪಿ ವಿಳಾಸ ಅವರಿರುವ ರಾಜ್ಯದ್ದಲ್ಲ, ಮತ್ತು ಹೆಸರು, ವಿಳಾಸ, ಜನ್ಮದಿನಾಂಕ ಎಲ್ಲವೂ ನಾಲ್ಕು ಸೆಕೆಂಡಿನಲ್ಲಿ ತುಂಬಿ ಮುಗಿದಿತ್ತು. ಟ್ರಸ್ಟೆಡ್‌ಫಾರ್ಮ್, ಜೋರ್ನಾಯಾ ಮುಂತಾದ ಪ್ರಮಾಣಪತ್ರಗಳಿಂದ ಆಗುವ ಉಪಕಾರವೆಂದರೆ ಇದೇ: ಫಾರಂ ತುಂಬುವಾಗ ನಿಜಕ್ಕೂ ಏನಾಯಿತೆಂದು ಅಲ್ಲಿ ಕಾಣುತ್ತದೆ. ಆದರೆ ಬಹಳಷ್ಟು ಏಜೆಂಟರು ಪ್ರಮಾಣಪತ್ರ ಇದೆಯೇ ಎಂದು ಕೇಳಿ ಸುಮ್ಮನಾಗುತ್ತಾರೆ, ತೆರೆದು ನೋಡುವುದಿಲ್ಲ. ಗ್ರಾಹಕರ ರಕ್ಷಣೆ ನೋಡಿಕೊಳ್ಳುವ ಫೆಡರಲ್ ವ್ಯಾಪಾರ ಆಯೋಗ, ಎಫ್‌ಟಿಸಿ, ಇಂಥ ತಾಣಗಳನ್ನು ‘ಕನ್ಸೆಂಟ್ ಫಾರ್ಮ್’ (ಒಪ್ಪಿಗೆ ಬೆಳೆಯುವ ಹೊಲ) ಎಂದೇ ಕರೆಯುತ್ತದೆ. ಉದ್ಯೋಗ, ಬಹುಮಾನ, ಗಿಫ್ಟ್ ಕಾರ್ಡ್ ಆಸೆ ತೋರಿಸಿ ಫೋನ್ ಸಂಖ್ಯೆ ಪಡೆದು, ‘ನಮ್ಮ ಮಾರ್ಕೆಟಿಂಗ್ ಪಾಲುದಾರರು’ ಎಂಬ ಸಣ್ಣಕ್ಷರದ ಕೊಂಡಿಯ ಹಿಂದೆ ನೂರಾರು ಕಂಪನಿಗಳ ಹೆಸರು ಅಡಗಿಸಿಡುವ ತಾಣಗಳು ಅವು. 2023ರ ಜುಲೈನಲ್ಲಿ ಆ ಆಯೋಗ ನಡೆಸಿದ ಕಾರ್ಯಾಚರಣೆಯಲ್ಲಿ ಇಂಥ ಲೀಡ್ ಉತ್ಪಾದಕರೇ ಮುಖ್ಯ ಗುರಿಯಾಗಿದ್ದರು. ಎಫ್‌ಟಿಸಿಯ ಟೆಲಿಮಾರ್ಕೆಟಿಂಗ್ ನಿಯಮದಲ್ಲಿ ನೀವು ಗಮನಿಸಬೇಕಾದ ಒಂದು ಮಾತಿದೆ: ಅಕ್ರಮ ನಡೆಯುತ್ತಿದೆಯೆಂದು ತಿಳಿದು, ಅಥವಾ ತಿಳಿಯದಿರಲೆಂದು ಬೇಕೆಂದೇ ಕಣ್ಣು ತಪ್ಪಿಸಿ, ಗಣನೀಯ ನೆರವು ಕೊಟ್ಟವರೂ ಉಲ್ಲಂಘಿಸಿದವರೇ.

ಆರೋಗ್ಯವಿಮೆಯ ರೋಬೋಕಾಲ್ ಎಂದರೆ ಹೇಗಿರುತ್ತದೆಂಬುದಕ್ಕೆ ನಿಮ್ಮ ಟೆಕ್ಸಸ್ಸಿನದೇ ಉದಾಹರಣೆಯಿದೆ. ರೈಸಿಂಗ್ ಈಗಲ್ ಎಂಬ ಸಂಸ್ಥೆ 2019ರ ಮೊದಲ ನಾಲ್ಕೂವರೆ ತಿಂಗಳಲ್ಲಿ, ಸುಳ್ಳು ಕಾಲರ್ ಐಡಿ ತೋರಿಸಿ, ಸುಮಾರು ನೂರು ಕೋಟಿ ಕರೆಗಳನ್ನು ಮಾಡಿತೆಂದು ಎಫ್‌ಸಿಸಿ ಲೆಕ್ಕ ಹಾಕಿತು. ಏಟ್ನಾ, ಬ್ಲೂ ಕ್ರಾಸ್, ಸಿಗ್ನಾ ಮುಂತಾದ ಹೆಸರುಗಳನ್ನು ಹೇಳುವ ರೆಕಾರ್ಡಿಂಗು. ಗುಂಡಿ ಒತ್ತಿದವರನ್ನು ಆ ಕಂಪನಿಗಳಿಗೆ ಸಂಬಂಧವೇ ಇಲ್ಲದ ಕಾಲ್ ಸೆಂಟರಿಗೆ ದಾಟಿಸುವುದು. ‘ಡು ನಾಟ್ ಕಾಲ್’ ಪಟ್ಟಿಯಲ್ಲಿದ್ದವರಿಗೆ ಬೇಕೆಂದೇ ಕರೆ ಮಾಡಿದ್ದನ್ನು, ಅವರಿಂದ ಲಾಭ ಹೆಚ್ಚೆಂಬ ಕಾರಣಕ್ಕೆ, ಅದನ್ನು ನಡೆಸುತ್ತಿದ್ದವರಲ್ಲಿ ಒಬ್ಬರು ಒಪ್ಪಿಕೊಂಡಿದ್ದರು. 2021ರಲ್ಲಿ ವಿಧಿಸಿದ ದಂಡ 22.5 ಕೋಟಿ ಡಾಲರ್. ಬೇಡವೆಂದು ಹೆಸರು ಬರೆಸಿದವರನ್ನೇ ಹುಡುಕಿ ಕರೆ ಮಾಡುವ ಈ ಲೆಕ್ಕಾಚಾರವನ್ನು ಓದಿದಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ನಿಮಗೆ ಬರುವ ಟ್ರಾನ್ಸ್‌ಫರಿನ ಹಿಂದೆಯೂ ಇಂಥದೇ ಲೆಕ್ಕಾಚಾರ ಇರಬಹುದು. ಇಲ್ಲವೆನ್ನಲು ನಿಮ್ಮ ಕೈಯಲ್ಲಿ ಆಧಾರವಿಲ್ಲ.

ಅಷ್ಟು ದೊಡ್ಡ ಸರಪಳಿಯಲ್ಲಿ ನನ್ನಂಥ ಸಣ್ಣವನನ್ನು ಯಾರು ಹುಡುಕುತ್ತಾರೆ ಎಂದು ಅನ್ನಿಸಬಹುದು. ಮೊದಲು ಸಿಗುವವರೇ ನೀವು. ಡಯಲ್ ಮಾಡುವವನು ಬೇರೆ ದೇಶದಲ್ಲಿದ್ದಾನೆ, ಅವನ ಕಾಲರ್ ಐಡಿ ಸುಳ್ಳು, ನಡುವಿನ ಕಾಲ್ ಸೆಂಟರಿಗೆ ಆರು ತಿಂಗಳಿಗೊಂದು ಹೆಸರು. ಇಡೀ ಸಾಲಿನಲ್ಲಿ ನಿಜವಾದ ಹೆಸರು, ಲೈಸೆನ್ಸ್ ಸಂಖ್ಯೆ, ಮನೆ ವಿಳಾಸ ಇರುವುದು ಏಜೆಂಟನಿಗೆ ಮಾತ್ರ, ಅವನ್ನು ಹೇಳಲೇಬೇಕಾದವನೂ ಅವನೇ. ಈ ಕಾಯಿದೆಯಡಿ ಮೇಲಿಂದ ಮೇಲೆ ದಾವೆ ಹೂಡುವವರು ಇದನ್ನು ಚೆನ್ನಾಗಿ ಬಲ್ಲರು. ಯಂತ್ರದ ಕರೆ ಬಂದಾಗ ಅವರು ಆ ಒಂದು ಕರೆಗೆಂದೇ ಹುಟ್ಟಿಸಿದ ಹೆಸರೊಂದನ್ನು ಕೊಡುತ್ತಾರೆ, ತಾಳ್ಮೆಯಿಂದ ಎಲ್ಲ ಪ್ರಶ್ನೆಗಳಿಗೂ ಉತ್ತರಿಸುತ್ತಾರೆ, ನಿಮ್ಮವರೆಗೆ ಬರುತ್ತಾರೆ. ನೀವು ಅದೇ ಹೆಸರಿನಿಂದ ಅವರನ್ನು ಮಾತಾಡಿಸಿ ನಿಮ್ಮ ಲೈಸೆನ್ಸ್ ವಿವರ ಹೇಳಿದ ಕ್ಷಣಕ್ಕೆ ಸರಪಳಿಯ ಎರಡು ತುದಿಗಳೂ ಕೂಡಿಕೊಳ್ಳುತ್ತವೆ. ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮಾಡಿಕೊಂಡಿದ್ದರೂ, ಲೀಡ್ ಕೊಳ್ಳುವ ತೀರ್ಮಾನವನ್ನು ಸ್ವತಃ ತೆಗೆದುಕೊಂಡವರನ್ನು ವೈಯಕ್ತಿಕವಾಗಿಯೂ ಹೊಣೆ ಮಾಡಿದ ತೀರ್ಪುಗಳಿವೆ.

ವೆಂಡರ್ ಬರೆದುಕೊಟ್ಟ ನಷ್ಟ ಭರಿಸುವ ಷರತ್ತನ್ನು ನಾನು ಹೆಚ್ಚಾಗಿ ಪರಿಗಣಿಸಲಾರೆ. ಆ ಷರತ್ತಿನ ಬೆಲೆ ಅದನ್ನು ಬರೆದವನ ಬ್ಯಾಂಕ್ ಖಾತೆಯಲ್ಲಿ ಇರುವಷ್ಟು. ಸಮನ್ಸ್ ಬಂದ ದಿನ ಅವನ ಫೋನ್ ಸಂಖ್ಯೆ ಚಾಲ್ತಿಯಲ್ಲಿ ಇರುತ್ತದೋ ಇಲ್ಲವೋ. ನಿಮ್ಮ ಇ ಅಂಡ್ ಓ ಪಾಲಿಸಿಯನ್ನು (ವೃತ್ತಿಯಲ್ಲಿ ಆಗುವ ತಪ್ಪುಗಳಿಗೆ ಏಜೆಂಟರು ಮಾಡಿಸಿಕೊಳ್ಳುವ ವಿಮೆ) ಇವತ್ತೇ ತೆಗೆದು ಹೊರತುಪಡಿಕೆಗಳ ಪುಟ ಓದಿ. ಇಂಥ ಅನೇಕ ಪಾಲಿಸಿಗಳಲ್ಲಿ ಟಿಸಿಪಿಎ ಹೆಸರನ್ನೇ ಬರೆದು ಹೊರಗಿಟ್ಟಿರುತ್ತಾರೆ. ವಿಮೆ ಮಾರುವವರಿಗೇ ವಿಮೆಯ ರಕ್ಷಣೆ ಇಲ್ಲದಿರುವುದು ಈ ವೃತ್ತಿಯ ಒಂದು ತಮಾಷೆ. ಇನ್ನು ಕ್ಯಾರಿಯರ್ (ವಿಮಾ ಕಂಪನಿ) ಜೊತೆಗೆ ನೀವು ಸಹಿ ಮಾಡಿರುವ ಒಪ್ಪಂದದಲ್ಲಿ, ನಿಮ್ಮ ಮಾರ್ಕೆಟಿಂಗಿನಿಂದ ಕಂಪನಿಯ ಮೇಲೆ ದಾವೆ ಬಂದರೆ ನೀವು ಭರಿಸುವುದಾಗಿ ಒಪ್ಪಿರುವ ಸಾಧ್ಯತೆಯೇ ಹೆಚ್ಚು. ಸಕಾರಣವಾಗಿ ಏಜೆಂಟನನ್ನು ತೆಗೆದರೆ ಕಂಪನಿ ಅದನ್ನು ರಾಜ್ಯದ ವಿಮಾ ಇಲಾಖೆಗೆ ತಿಳಿಸಬೇಕೆಂಬ ನಿಯಮವೂ ಬಹುತೇಕ ರಾಜ್ಯಗಳಲ್ಲಿದೆ.

ಮೆಡಿಕೇರ್ ಅಡ್ವಾಂಟೇಜ್ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು, ಏಕೆಂದರೆ ಅಲ್ಲಿ ಚರ್ಚೆಗೆ ಜಾಗವೇ ಕಡಿಮೆ. ಗ್ರಾಹಕರು ತಾವಾಗಿ ಕೇಳದೆ ಅವರಿಗೆ ಕರೆ ಮಾಡುವುದನ್ನು, ಮೆಡಿಕೇರ್ ನಡೆಸುವ ಫೆಡರಲ್ ಸಂಸ್ಥೆಯಾದ ಸಿಎಂಎಸ್‌ನ ನಿಯಮಗಳು ನೇರವಾಗಿ ನಿಷೇಧಿಸುತ್ತವೆ. ‘ಡು ನಾಟ್ ಕಾಲ್’ ಪಟ್ಟಿಯಲ್ಲಿ ಹೆಸರಿದೆಯೋ ಇಲ್ಲವೋ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ಮೇಲಾಗಿ 2024ರ ಅಕ್ಟೋಬರ್ 1ರಿಂದ, ಒಂದು ಮಾರ್ಕೆಟಿಂಗ್ ಸಂಸ್ಥೆ ಸಂಗ್ರಹಿಸಿದ ಫಲಾನುಭವಿಯ ಮಾಹಿತಿಯನ್ನು ಇನ್ನೊಂದು ಸಂಸ್ಥೆಗೆ ಕೊಡಬೇಕಾದರೆ, ಪಡೆಯುವವರ ಹೆಸರು ಹೇಳಿ ಪ್ರತ್ಯೇಕ ಲಿಖಿತ ಒಪ್ಪಿಗೆ ಪಡೆದಿರಬೇಕು. ಎಫ್‌ಸಿಸಿಯ ನಿಯಮ ರದ್ದಾದದ್ದರಿಂದ ಇದಕ್ಕೇನೂ ಆಗಿಲ್ಲ, ಎರಡೂ ಬೇರೆಬೇರೆ. ಮಾರಾಟದ ಕರೆಗಳನ್ನು ಧ್ವನಿಮುದ್ರಿಸಿ ಇಡಬೇಕೆಂಬ ನಿಯಮವೂ ಇರುವುದರಿಂದ, ಸಾಕ್ಷ್ಯವನ್ನು ನೀವೇ ಕೂಡಿಡುತ್ತಿರುತ್ತೀರಿ. ಫೈನಲ್ ಎಕ್ಸ್‌ಪೆನ್ಸ್‌ಗೆಂದು ಬಂದ ಟ್ರಾನ್ಸ್‌ಫರಿನಲ್ಲಿ ಮಾತು ಹರಿದಂತೆ ಅಡ್ವಾಂಟೇಜ್ ಪ್ಲಾನಿನ ಕಡೆಗೆ ಹೊರಳಿಸುವ ಅಭ್ಯಾಸವಿದ್ದರೆ ಅದನ್ನು ಈ ಸಾಲು ಓದಿದ ಮೇಲೆ ನಿಲ್ಲಿಸಿ.

ಕಾನೂನು ಇಷ್ಟು. ಕಾನೂನಿಗೆ ಸಿಕ್ಕದೆ ಹೋದರೂ ಉಳಿಯುವ ಒಂದು ಮಾತಿದೆ. ಯಂತ್ರದ ಕರೆಗೆ ಒಂದನ್ನು ಒತ್ತುವವರು ಯಾರು? ನನ್ನ ಅತ್ತೆ ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದ ದಿನಗಳಲ್ಲಿ, ಫೋನ್ ಹೊಡೆದುಕೊಂಡರೆ ಎತ್ತದೆ ಇರುವುದು ಮರ್ಯಾದೆಯಲ್ಲ ಎಂದು ನಂಬಿದ್ದರು; ಆ ಕಡೆಯಿಂದ ಬಂದ ಪ್ರತಿ ವಾಕ್ಯಕ್ಕೂ ‘ಎಸ್, ಎಸ್’ ಎನ್ನುತ್ತಿದ್ದರು. ಒಂಟಿಯಾಗಿರುವವರು, ಇಂಗ್ಲಿಷ್ ಪೂರ್ತಿ ಅರ್ಥವಾಗದವರು, ‘ನಿಮ್ಮ ರಾಜ್ಯ ಸರ್ಕಾರದ ಹೊಸ ಸೌಲಭ್ಯ’ ಎಂಬ ಸುಳ್ಳನ್ನು ನಂಬಿದವರು, ಮರೆವು ಶುರುವಾದವರು: ಈ ಜರಡಿ ಹಿಡಿಯುವುದು ಅವರನ್ನು. ಒಮ್ಮೆ ಗುಂಡಿ ಒತ್ತಿದ ಸಂಖ್ಯೆ ‘ಉತ್ತರಿಸುವವರ’ ಪಟ್ಟಿಗೆ ಸೇರಿ ಕೈಯಿಂದ ಕೈಗೆ ಮಾರಾಟವಾಗುತ್ತದೆ. ನೀವು ಎಷ್ಟೇ ಪ್ರಾಮಾಣಿಕವಾಗಿ ಪಾಲಿಸಿ ವಿವರಿಸಿದರೂ, ಅವರು ಬೇರೆ ಯಾರೋ ಹೇಳಿದ ಸುಳ್ಳಿನ ಮುಂದುವರಿಕೆಯಾಗಿ ನಿಮ್ಮ ಮಾತನ್ನು ಕೇಳುತ್ತಿರುತ್ತಾರೆ. ಹಳೆಯ ಪಾಲಿಸಿ ಬಿಡಿಸಿ ಹೊಸದು ಮಾಡಿಸಿದರಂತೂ, ಕಂಪನಿ ಕ್ಲೇಮನ್ನು ಪ್ರಶ್ನಿಸಬಹುದಾದ ಎರಡು ವರ್ಷಗಳ ಅವಧಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಎಂಬತ್ತರ ಹತ್ತಿರ ಇರುವವರಿಗೆ ಎರಡು ವರ್ಷ ಸಣ್ಣ ಅವಧಿಯಲ್ಲ. ಇಂಥ ಪಾಲಿಸಿಗಳನ್ನು ಮಗಳೋ ಮಗನೋ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ ನಿಲ್ಲಿಸುತ್ತಾರೆ, ಮುಂಗಡವಾಗಿ ಬಂದ ಕಮಿಷನ್ ಚಾರ್ಜ್‌ಬ್ಯಾಕ್ ಆಗಿ ವಾಪಸ್ ಹೋಗುತ್ತದೆ. ಕೊನೆಗೆ ನಿಮ್ಮ ಹತ್ತಿರ ಉಳಿಯುವುದು ವೆಂಡರಿಗೆ ಕಟ್ಟಿದ ಬಿಲ್ಲು.

ಬದಲಿಗೆ ಏನು ಮಾಡುವುದೆಂದರೆ, ಲೀಡ್ ಕೊಳ್ಳುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಯಾವ ಪುಟದಲ್ಲಿ, ಯಾವ ಮಾತುಗಳಲ್ಲಿ ಒಪ್ಪಿಗೆ ಪಡೆದರೆಂದು ತೋರಿಸುವ, ನಿಮ್ಮ ಹೆಸರೇ ಇರುವ ಫಾರಂ ಬಳಸುವ, ಮೊದಲ ಕರೆಯ ಧ್ವನಿಮುದ್ರಣವನ್ನು ಕೇಳಿದ ದಿನವೇ ಕೊಡುವ ವೆಂಡರುಗಳಿದ್ದಾರೆ, ಬೆಲೆ ಹೆಚ್ಚು. ಅಗ್ಗದ ಟ್ರಾನ್ಸ್‌ಫರ್ ಏಕೆ ಅಗ್ಗವೆಂದರೆ ಈ ಕೆಲಸಗಳನ್ನು ಅದರಲ್ಲಿ ಬಿಟ್ಟಿರುತ್ತಾರೆ. ನೀವೇ ಡಯಲ್ ಮಾಡುವಾಗ ‘ಡು ನಾಟ್ ಕಾಲ್’ ಪಟ್ಟಿಯ 31 ದಿನಕ್ಕಿಂತ ಹಳೆಯದಲ್ಲದ ಪ್ರತಿಯ ಜೊತೆಗೆ ತಾಳೆ ನೋಡಿ, ಕರೆ ಪಡೆಯುವವರ ಊರಿನ ಗಡಿಯಾರದಲ್ಲಿ ಬೆಳಗಿನ 8ರಿಂದ ರಾತ್ರಿ 9ರ ಒಳಗೆ ಮಾಡಿ. ಕನ್ನಡ ಕೂಟದಲ್ಲಿ ನಿಮಗೆ ಮುಖಪರಿಚಯಕ್ಕಿಂತ ಹೆಚ್ಚಿನ ಪರಿಚಯವಿರುವವರಿಗೆ ನೀವೇ ಕರೆ ಮಾಡಿದರೆ ಆ ಪಟ್ಟಿಯ ನಿಯಮ ಅಡ್ಡಬರುವುದಿಲ್ಲ, ಕುಟುಂಬದವರು, ಸ್ನೇಹಿತರು, ಪರಿಚಯಸ್ಥರಿಗೆ ಅದರಲ್ಲಿ ವಿನಾಯಿತಿ ಇದೆ. ಆದರೆ ಅವರು ಕೊಟ್ಟ ಅವರ ಸ್ನೇಹಿತರ ಸಂಖ್ಯೆ ನಿಮ್ಮ ಪರಿಚಯಸ್ಥರದ್ದಾಗುವುದಿಲ್ಲ. ಯುಗಾದಿ ಕಾರ್ಯಕ್ರಮಕ್ಕೆಂದು ಸಂಗ್ರಹಿಸಿದ ಸದಸ್ಯರ ಪಟ್ಟಿಯನ್ನು ಇಂಪೋರ್ಟ್ ಮಾಡಿಕೊಂಡು ಎಲ್ಲರಿಗೂ ಮೆಸೇಜು ಕಳಿಸುವುದಕ್ಕೂ ಇದು ಅನುಮತಿಯಲ್ಲ. ಅಡ್ವಾಂಟೇಜ್ ಪ್ಲಾನಿಗೆ ಈ ವಿನಾಯಿತಿಯನ್ನು ನಂಬಿಕೊಂಡು ಹೊರಡಲೂಬೇಡಿ.

ಈಗ ನಿಮ್ಮ ಮುಂದಿರುವ ಕೆಲಸ. ವೆಂಡರಿಗೆ ಟ್ರಾನ್ಸ್‌ಫರ್ ನಿಲ್ಲಿಸುವಂತೆ ಇಮೇಲಿನಲ್ಲಿ ಬರೆಯಿರಿ, ಫೋನಿನಲ್ಲಿ ಹೇಳಬೇಡಿ. ಅದೇ ಇಮೇಲಿನಲ್ಲಿ ಇದುವರೆಗಿನ ಎಲ್ಲ ಸಂಖ್ಯೆಗಳ ಒಪ್ಪಿಗೆಯ ದಾಖಲೆಯನ್ನೂ ಮೊದಲ ಕರೆಯ ಧ್ವನಿಮುದ್ರಣವನ್ನೂ ಕೇಳಿ. ಅವನು ಏನು ಉತ್ತರಿಸಿದ, ಉತ್ತರಿಸಿದನೇ ಎಂಬುದೂ ಮುಂದೆ ದಾಖಲೆಯಾಗುತ್ತದೆ. ರೇಗಿದ ಹಿರಿಯರ ಸಂಖ್ಯೆಯನ್ನು ನಿಮ್ಮದೇ ‘ಕರೆ ಮಾಡಬಾರದವರ’ ಪಟ್ಟಿಗೆ ದಿನಾಂಕದೊಂದಿಗೆ ಸೇರಿಸಿ. ಇನ್‌ವಾಯ್ಸು, ಚಾಟು, ರೆಕಾರ್ಡಿಂಗು ಒಂದನ್ನೂ ಅಳಿಸಬೇಡಿ. ಭಯಪಟ್ಟು ಅಳಿಸಿದವರ ಸ್ಥಿತಿ, ಇಟ್ಟುಕೊಂಡವರಿಗಿಂತ ಕೆಟ್ಟದ್ದಾಗಿರುವುದನ್ನೇ ನಾನು ಹೆಚ್ಚಾಗಿ ನೋಡಿರುವುದು. ಪರಿಹಾರ ಕೇಳಿ ಪತ್ರವೇನಾದರೂ ಬಂದರೆ ನೀವೇ ಕರೆ ಮಾಡಿ ಸಮಜಾಯಿಷಿ ಕೊಡಲು ಹೋಗದೆ, ಟಿಸಿಪಿಎ ಪ್ರಕರಣ ನಡೆಸಿ ಅನುಭವವಿರುವ ವಕೀಲರಿಗೆ ತೋರಿಸಿ.

ಪಾಲಿಸಿ ಮಾಡಿಸಿದವರ ವಿಚಾರ ನೀವೇ ಕೇಳಿದ್ದೀರಿ, ಒಳ್ಳೆಯದಾಯಿತು. ಕರೆ ಬಂದ ದಾರಿ ತಪ್ಪಾದ ಮಾತ್ರಕ್ಕೆ ಅವರ ಪಾಲಿಸಿ ರದ್ದಾಗುವುದಿಲ್ಲ. ಈಗ ಅವರು ನಿಮ್ಮ ಗ್ರಾಹಕರು. ಪಾಲಿಸಿಯ ಸೇವೆಗಾಗಿ ಅವರಿಗೆ ಕರೆ ಮಾಡಬಹುದು. ವಕೀಲರೊಂದಿಗೆ ಒಮ್ಮೆ ಮಾತಾಡಿಕೊಂಡು, ನಂತರ ಒಬ್ಬೊಬ್ಬರಿಗೂ ನೀವೇ ಫೋನ್ ಮಾಡಿ, ಸಾಧ್ಯವಿದ್ದರೆ ಮಗನನ್ನೋ ಮಗಳನ್ನೋ ಜೊತೆಗೆ ಕೂರಿಸಿಕೊಳ್ಳಲು ಹೇಳಿ. ಇದು ಸರ್ಕಾರದ ಸೌಲಭ್ಯವಲ್ಲ, ಖಾಸಗಿ ಕಂಪನಿಯ ವಿಮೆ ಎಂಬುದು ಅವರಿಗೆ ಗೊತ್ತಿದೆಯೇ ಎಂದು ವಿಚಾರಿಸಿ; ಮೊದಲೇ ಇದ್ದ ಪಾಲಿಸಿಯನ್ನು ಇದಕ್ಕಾಗಿ ಬಿಟ್ಟರೇ ಎಂದು ಕೇಳಿ; ಹಣ ಹಿಂದಿರುಗಿಸುವ ಫ್ರೀ ಲುಕ್ ಅವಧಿ ಇನ್ನೂ ಮುಗಿಯದಿದ್ದರೆ ಕೊನೆಯ ದಿನ ಯಾವುದೆಂದು ತಿಳಿಸಿ. ಆ ಅವಧಿ ಚಿಕ್ಕದು. ಆದ್ದರಿಂದ ತೀರ ಇತ್ತೀಚೆಗೆ ಪಾಲಿಸಿ ಮಾಡಿಸಿದವರಿಗೆ ಮೊದಲು ಫೋನ್ ಮಾಡಿ.